ಹುರಿಗಟ್ಟಿದ ತೊಡೆಗಳಿಗೆ ಒಪ್ಪುವ ಚಳಿಗಾಲದ ಕ್ಲೈಂಬಿಂಗ್ ಪ್ಯಾಂಟ್: ಅಳತೆಯಿಂದ ದರ್ಜಿಯ ಮೇಜಿನವರೆಗೆ

ಸೊಂಟಕ್ಕೆ ಸರಿಯಾಗಿ ಕೂರುವ ಪ್ಯಾಂಟ್ ತೊಡೆಯ ಬಳಿ ಸಿಕ್ಕಿಕೊಳ್ಳುವುದು, ತೊಡೆಗೆ ಹೊಂದುವ ಪ್ಯಾಂಟ್ ಸೊಂಟದಿಂದ ಜಾರುವುದು ಕಾಲಿನ ಸ್ನಾಯುಗಳನ್ನು ಚೆನ್ನಾಗಿ ಬೆಳೆಸಿಕೊಂಡ ಆರೋಹಿಗಳಿಗೆಲ್ಲ ಗೊತ್ತಿರುವ ಪೀಕಲಾಟ. ಸೈಕ್ಲಿಂಗ್, ಭಾರ ಎತ್ತುವಿಕೆ, ಸ್ಕೀಯಿಂಗ್ ಅಥವಾ ವರ್ಷಗಟ್ಟಲೆ ಹೊರೆ ಹೊತ್ತು ಬೆಟ್ಟ ಏರಿದ ಅಭ್ಯಾಸದಿಂದ ತೊಡೆ ಮತ್ತು ಮೀನಖಂಡಗಳು ದಪ್ಪವಾಗಿರುವವರ ಸೊಂಟ ಅದೇ ಪ್ರಮಾಣದಲ್ಲಿ ದಪ್ಪವಾಗಿರುವುದಿಲ್ಲ. ದಿನಬಳಕೆಯ ಉಡುಪಾದರೆ ಬೆಲ್ಟ್ ಬಿಗಿದುಕೊಂಡು ಹೇಗೋ ಸುಧಾರಿಸಬಹುದು. ಆದರೆ ಮಂಜುಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಾಲೆತ್ತಿ, ಬೂಟಿನಡಿಗೆ ಕಟ್ಟುವ ಲೋಹದ ಹಲ್ಲುಗಳ ಚೌಕಟ್ಟಾದ ಕ್ರಾಂಪಾನ್‌ನ ಮುಂಹಲ್ಲುಗಳನ್ನು ನೆಡಬೇಕಾದ ಹೊತ್ತಿನಲ್ಲಿ ಬಟ್ಟೆಯೇ ತೊಡೆಯನ್ನು ಹಿಡಿದು ನಿಲ್ಲಿಸಿದರೆ, ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಶಕ್ತಿ ಬಟ್ಟೆಯೊಡನೆ ಗುದ್ದಾಡುವುದರಲ್ಲೇ ಕಳೆದುಹೋಗುತ್ತದೆ. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯ ಒಳಗೆ ಬೆಚ್ಚನೆಯ ಗಾಳಿ ನಿಲ್ಲಲು ಜಾಗವಿರುವುದಿಲ್ಲವಾದ್ದರಿಂದ ಚಳಿಯೂ ಬೇಗ ನಾಟುತ್ತದೆ.

ಈ ಮಾರ್ಗದರ್ಶಿ ಒಂದು ಕ್ರಮವನ್ನು ಮುಂದಿಡುತ್ತದೆ. ತೊಡೆಯ ಅಳತೆಯನ್ನು ಮೊದಲಿಟ್ಟುಕೊಂಡು ಪ್ಯಾಂಟ್ ಆರಿಸಬೇಕು, ಸೊಂಟವನ್ನು ಆಮೇಲೆ ಸರಿಪಡಿಸಿಕೊಳ್ಳಬೇಕು, ಮೊಣಕಾಲಿನಿಂದ ಕೆಳಗೆ ಮಾತ್ರ ಅನಗತ್ಯ ಸಡಿಲಕ್ಕೆ ಅವಕಾಶ ಕೊಡಬಾರದು.

ದೊಡ್ಡ ಸೈಜ್ ಏಕೆ ಪರಿಹಾರವಲ್ಲ

ಎಲ್ಲರೂ ಮೊದಲು ಕೊಡುವ ಸಲಹೆ ಒಂದು ಸೈಜ್ ದೊಡ್ಡದನ್ನು ಕೊಳ್ಳಿ ಎಂಬುದು. ಸಿದ್ಧ ಉಡುಪುಗಳ ಸೈಜ್‌ಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ನೋಡಿದರೆ ಇದು ನಷ್ಟದ ವ್ಯವಹಾರವೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಒಂದು ಸೈಜ್‌ನಿಂದ ಮುಂದಿನದಕ್ಕೆ ಸೊಂಟ 4ರಿಂದ 5 ಸೆಂ.ಮೀ. ಹೆಚ್ಚಿದರೆ ತೊಡೆಯ ಸುತ್ತಳತೆ ಹೆಚ್ಚುವುದು ಅದರ ಅರ್ಧದಷ್ಟು ಮಾತ್ರ. ತೊಡೆಯಲ್ಲಿ 6 ಸೆಂ.ಮೀ. ಹೆಚ್ಚುವರಿ ಜಾಗ ಬೇಕಾದವರು ಎರಡು ಮೂರು ಸೈಜ್ ಮೇಲೇರಬೇಕು, ಆಗ ಸೊಂಟದಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ಬಟ್ಟೆ ಉಳಿಯುತ್ತದೆ. ಆ ಹೆಚ್ಚುವರಿ ಬಟ್ಟೆ, ಹಗ್ಗಕ್ಕೆ ಕಟ್ಟಿಕೊಳ್ಳಲು ಸೊಂಟ ಮತ್ತು ತೊಡೆಗಳಿಗೆ ತೊಡುವ ಹಾರ್ನೆಸ್‌ನ ಪಟ್ಟಿಯ ಕೆಳಗೆ ಮಡಿಕೆಗಟ್ಟಿ, ಹಗ್ಗಕ್ಕೆ ತೂಗಿಕೊಂಡು ನಿಂತಾಗ ಸೊಂಟದ ಮೂಳೆಗೆ ಒತ್ತುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಕಾಲುಗಳ ಕವಲಿನದು. ಸೈಜ್ ಹೆಚ್ಚಿದಂತೆ ಸೊಂಟದಿಂದ ಕವಲಿನವರೆಗಿನ ಉದ್ದವೂ ಹೆಚ್ಚುತ್ತದೆ. ಪ್ಯಾಂಟ್‌ನ ಕವಲು ದೇಹದ ಕವಲಿಗಿಂತ ಕೆಳಗೆ ಬಿದ್ದರೆ ಒಂದು ಕಾಲನ್ನು ಎತ್ತಿದಾಗ ಇನ್ನೊಂದು ಕಾಲಿನ ಬಟ್ಟೆಯೂ ಅದರೊಡನೆ ಎಳೆದುಕೊಳ್ಳುತ್ತದೆ. ಎಲ್ಲ ಕಡೆ ಸಡಿಲವಾಗಿರುವ ಪ್ಯಾಂಟ್ ತೊಟ್ಟೂ ಕಾಲೆತ್ತಲು ಆಗದೆ ಒದ್ದಾಡುವವರನ್ನು ನೋಡಿದರೆ ವಿಚಿತ್ರವೆನಿಸುತ್ತದೆ, ಆದರೆ ಕಾರಣ ಇಷ್ಟೇ. ಇನ್ನು ಬಾಟಮ್, ಅಂದರೆ ಪ್ಯಾಂಟ್ ಕಾಲಿನ ಕೆಳತುದಿ, ಅಗಲವಾಗುವುದಂತೂ ನೇರ ಅಪಾಯ: ಒಂದು ಕಾಲಿನ ಕ್ರಾಂಪಾನ್ ಹಲ್ಲು ಇನ್ನೊಂದು ಕಾಲಿನ ಜೋಲುವ ಬಟ್ಟೆಗೆ ಸಿಕ್ಕಿ ಮುಗ್ಗರಿಸುವುದು ಇಳಿಜಾರಿನಲ್ಲಿ ಪ್ರಾಣಕ್ಕೇ ಎರವಾಗಬಹುದು.

ಅಳತೆಪಟ್ಟಿಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಉಡುಪುಗಳ ಅಳತೆ ಸೂಚಿಸುವ ಯುರೋಪಿನ ಇಎನ್ 13402 ಮಾನದಂಡವೂ ಪುರುಷರ ಪ್ಯಾಂಟ್‌ಗೆ ಮುಖ್ಯ ಅಳತೆಯೆಂದು ಸೊಂಟವನ್ನು ಎಣಿಸಿ, ಒಳಗಾಲಿನ ಉದ್ದವನ್ನು ಅದರ ಜೊತೆಗಿಡುತ್ತದೆಯೇ ಹೊರತು ತೊಡೆಯನ್ನಲ್ಲ. ಹೀಗಾಗಿ ತೊಡೆಯ ಲೆಕ್ಕವನ್ನು ಕೊಳ್ಳುವವರೇ ಮಾಡಿಕೊಳ್ಳಬೇಕಾಗುತ್ತದೆ.

ಮೊದಲ ಹಂತ: ದೇಹದ ಅಳತೆ

ಬಟ್ಟೆಯ ಅಳತೆ ಟೇಪು, ಕಾಗದ ಮತ್ತು ಚಳಿಗಾಲದಲ್ಲಿ ನೀವು ನಿಜವಾಗಿ ತೊಡುವ ಬೇಸ್ ಲೇಯರ್ (ಚರ್ಮಕ್ಕೆ ತಾಗುವ ಬೆಚ್ಚನೆಯ ಒಳಪದರ) ಸಿದ್ಧವಾಗಿರಲಿ. ಬರಿಗಾಲಿನ ಮೇಲೆ ತೆಗೆದ ಅಳತೆಗೂ ಉಣ್ಣೆಯ ಬೇಸ್ ಲೇಯರ್ ಮೇಲೆ ತೆಗೆದ ಅಳತೆಗೂ ಒಂದೆರಡು ಸೆಂಟಿಮೀಟರಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ವ್ಯಾಯಾಮ ಮುಗಿಸಿದ ಮೇಲೆ ಅಳೆಯುವುದು ಒಳ್ಳೆಯದು, ಏಕೆಂದರೆ ದುಡಿದ ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿದು ಅವು ಆ ಹೊತ್ತಿಗೆ ಉಬ್ಬಿರುತ್ತವೆ, ಮತ್ತು ಗೋಡೆಯ ಮೇಲೆ ನಿಮ್ಮ ಕಾಲು ಇರುವುದು ಅದೇ ಸ್ಥಿತಿಯಲ್ಲಿ.

ತೊಡೆಯನ್ನು ಎರಡು ಕಡೆ ಅಳೆಯಿರಿ. ಮೊದಲನೆಯದು ಪೃಷ್ಠದ ಮಡಿಕೆಯ ಕೆಳಗೆ, ಕವಲಿಗೆ ತಾಗಿದಂತೆ, ತೊಡೆ ಅತಿ ದಪ್ಪವಾಗಿರುವಲ್ಲಿ. ಎರಡನೆಯದು ಕವಲಿಗೂ ಮೊಣಕಾಲಿಗೂ ನಡುವೆ, ತೊಡೆಯ ಮುಂಭಾಗದ ಸ್ನಾಯು ಉಬ್ಬುವ ಜಾಗದಲ್ಲಿ. ಸೈಕ್ಲಿಂಗ್ ಹಿನ್ನೆಲೆಯವರಲ್ಲಿ ಈ ಎರಡನೆಯ ಅಳತೆ ಮೊದಲನೆಯದಕ್ಕಿಂತ ಹೆಚ್ಚೇನೂ ಕಡಿಮೆಯಿರುವುದಿಲ್ಲ. ಕೆಳಕ್ಕೆ ಹೋದಂತೆ ಬೇಗ ಕಿರಿದಾಗುವ ಕಟ್ಟಿನ (ಬಟ್ಟೆ ಕತ್ತರಿಸಿ ಹೊಲಿದ ಆಕಾರದ) ಪ್ಯಾಂಟ್‌ಗಳು ಅವರಿಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಎರಡೂ ಜಾಗಗಳನ್ನು ಮೊದಲು ನೇರವಾಗಿ ನಿಂತು ಅಳೆದು, ಆಮೇಲೆ ಪಾದವನ್ನು ಕುರ್ಚಿಯ ಮೇಲಿಟ್ಟು ಸ್ನಾಯುವನ್ನು ಬಿಗಿಹಿಡಿದು ಮತ್ತೆ ಅಳೆಯಿರಿ. ಹೆಚ್ಚು ಬಂದದ್ದನ್ನು ಬರೆದುಕೊಳ್ಳಿ. ಬಲ ಮತ್ತು ಎಡಗಾಲುಗಳ ನಡುವೆ ವ್ಯತ್ಯಾಸವಿರುವುದು ಸಹಜ, ಲೆಕ್ಕಕ್ಕೆ ದಪ್ಪಗಿನ ಕಾಲೇ ಇರಲಿ.

ಮೊಣಕಾಲಿನ ಸುತ್ತಳತೆಯನ್ನು ಅದನ್ನು ಪೂರ್ತಿ ಮಡಿಸಿದಾಗ, ಮೀನಖಂಡದ ಸುತ್ತಳತೆಯನ್ನು ತುದಿಗಾಲಲ್ಲಿ ನಿಂತಾಗ ಅಳೆಯಬೇಕು. ಪೃಷ್ಠದ ಅಳತೆ, ಅಂದರೆ ದರ್ಜಿಗಳು ಸೀಟ್ ಎನ್ನುವುದನ್ನು, ಕುಳಿತಾಗ ಮತ್ತು ನಿಂತಾಗ ಎರಡೂ ಬಾರಿ ತೆಗೆದುಕೊಳ್ಳಿ. ಕೊನೆಯದಾಗಿ ಹೊಕ್ಕುಳ ಮಟ್ಟದ ಸೊಂಟಪಟ್ಟಿಯ ಮುಂಭಾಗದಿಂದ ಕಾಲುಗಳ ನಡುವೆ ಹಾದು ಹಿಂಭಾಗದ ಸೊಂಟಪಟ್ಟಿಯವರೆಗಿನ ಒಟ್ಟು ಉದ್ದವನ್ನು ಅಳೆಯಿರಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪೃಷ್ಠದ ಸ್ನಾಯುಗಳು ಬಲವಾಗಿರುವವರಿಗೆ ತೊಡೆಯಷ್ಟೇ ತೊಂದರೆ ಕೊಡುವುದು ಈ ಉದ್ದ: ಹಿಂಬದಿ ಗಿಡ್ಡವಾದ ಪ್ಯಾಂಟ್ ಕುಕ್ಕರುಗಾಲಲ್ಲಿ ಕೂತ ಕೂಡಲೇ ಕೆಳಗೆ ಜಗ್ಗಿ, ಜಾಕೆಟ್‌ಗೂ ಪ್ಯಾಂಟ್‌ಗೂ ನಡುವೆ ಹಿಮ ನುಗ್ಗಲು ದಾರಿ ಮಾಡಿಕೊಡುತ್ತದೆ.

ಎರಡನೆಯ ಹಂತ: ಬಟ್ಟೆಯ ಆಯ್ಕೆ

ತೊಡೆ ದಪ್ಪಗಿರುವವರಿಗೆ ಬಟ್ಟೆಯ ಹಿಗ್ಗುವಿಕೆ ಕಟ್ಟಿನಷ್ಟೇ ಮುಖ್ಯ. ಮೊಣಕಾಲನ್ನು ಪೂರ್ತಿ ಮಡಿಸಿದಾಗ ಅದರ ಮೇಲಿನ ಚರ್ಮ ಉದ್ದಕ್ಕೆ ಶೇ 35ರಿಂದ 45ರಷ್ಟು, ಅಡ್ಡಕ್ಕೆ ಸುಮಾರು ಶೇ 12ರಿಂದ 14ರಷ್ಟು ಹಿಗ್ಗುತ್ತದೆ. ಚರ್ಮದ ಮೇಲಿರುವ ಬಟ್ಟೆಯೂ ಅಷ್ಟು ಹಿಗ್ಗಬೇಕು, ಇಲ್ಲವೇ ಮೇಲಿನಿಂದಲೋ ಕೆಳಗಿನಿಂದಲೋ ಜಾರಿ ಬಂದು ಆ ಕೊರತೆಯನ್ನು ತುಂಬಬೇಕು. ಸಣ್ಣ ಕಾಲಿನವರಲ್ಲಿ ಈ ಜಾರುವಿಕೆ ಸಲೀಸಾಗಿ ನಡೆಯುತ್ತದೆ. ತೊಡೆಯೂ ಮೀನಖಂಡವೂ ತುಂಬಿಕೊಂಡಿರುವ ಕಾಲಿನಲ್ಲಿ ಬಟ್ಟೆಗೆ ಜಾರಲು ಎರಡೂ ಕಡೆ ದಾರಿಯಿಲ್ಲ. ಆದ್ದರಿಂದಲೇ ಅದು ಹಿಗ್ಗಲೇಬೇಕು.

ಡ್ಯೂಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ 1958ರಲ್ಲಿ ರೂಪಿಸಿದ ಎಲಾಸ್ಟೇನ್ ಎಂಬ ಹಿಗ್ಗುವ ನೂಲು, ಮೆತ್ತಗೆ ಹಿಗ್ಗುವ ಹೊರಪದರದ ಬಟ್ಟೆಯಿಂದ ಮಾಡಿದ ಇಂದಿನ ಸಾಫ್ಟ್‌ಶೆಲ್ ಪ್ಯಾಂಟ್‌ಗಳ ಜೀವಾಳ. ಲೇಬಲ್‌ನಲ್ಲಿ ಎಲಾಸ್ಟೇನ್ ಶೇಕಡಾವಾರು ಹೆಚ್ಚಿದ್ದರೆ ಬಟ್ಟೆ ಹೆಚ್ಚು ಹಿಗ್ಗುತ್ತದೆಂದು ಭಾವಿಸುವುದು ಸಹಜ, ಆದರೆ ನೇಯ್ಗೆಯ ರೀತಿಯೂ ಅಷ್ಟೇ ಪರಿಣಾಮ ಬೀರುತ್ತದೆ. ಎಲಾಸ್ಟೇನ್ ಇಲ್ಲದೆಯೇ ನೂಲಿನ ಸುರುಳಿಯಿಂದ ತಕ್ಕಮಟ್ಟಿಗೆ ಹಿಗ್ಗುವ ಬಟ್ಟೆಗಳೂ ಇವೆ. ಲೇಬಲ್ ಬಿಟ್ಟು ಕೈಯಿಂದಲೇ ಪರೀಕ್ಷಿಸುವುದು ಮೇಲು. ತೊಡೆಯ ಭಾಗದಲ್ಲಿ ಕಾಲಿಗೆ ಅಡ್ಡಲಾಗಿ 10 ಸೆಂ.ಮೀ. ಅಂತರದಲ್ಲಿ ಬಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಸ್ಕೇಲಿನ ಮೇಲೆ ಎಳೆಯಿರಿ. ಹೆಚ್ಚು ಬಲ ಹಾಕದೆ 12 ಸೆಂ.ಮೀ. ತಲುಪಿದರೆ ಅದು ದಪ್ಪ ತೊಡೆಗೆ ಯೋಗ್ಯ. ಬಿಟ್ಟ ಕೂಡಲೇ ಮೊದಲಿನ ಅಳತೆಗೆ ಮರಳಬೇಕು, ಸುಕ್ಕು ಉಳಿಯಬಾರದು. ಉದ್ದಕ್ಕೂ ಇದೇ ಪರೀಕ್ಷೆ ಮಾಡಿ. ಉದ್ದಕ್ಕೆ ಮಾತ್ರ ಹಿಗ್ಗಿ ಅಡ್ಡಕ್ಕೆ ಹಿಗ್ಗದ ಬಟ್ಟೆ ಮೊಣಕಾಲಿಗೆ ಹಿತವಾದರೂ ತೊಡೆಗೆ ಪ್ರಯೋಜನವಿಲ್ಲ. ನಾಲ್ಕೂ ದಿಕ್ಕಿಗೆ ಹಿಗ್ಗುವ ಬಟ್ಟೆಯೇ ನಮಗೆ ಬೇಕಾದದ್ದು.

ಒಣ ಚಳಿಯ ಎತ್ತರದ ಮಾರ್ಗಗಳಿಗೆ ಮತ್ತು ಬಂಡೆ ಹಾಗೂ ಮಂಜು ಬೆರೆತ ಏರಿಕೆಗೆ ಇಂಥ ಸಾಫ್ಟ್‌ಶೆಲ್ ಸಾಕಾಗುತ್ತದೆ. ನೀರು ತೊಟ್ಟಿಕ್ಕುವ ಹೆಪ್ಪುಗಟ್ಟಿದ ಜಲಪಾತ ಅಥವಾ ಒದ್ದೆ ಹಿಮದಲ್ಲಿ ಮೊಣಕಾಲೂರಿ ಗಂಟೆಗಟ್ಟಲೆ ದುಡಿಯುವ ಕೆಲಸಕ್ಕೆ ಜಲನಿರೋಧಕ ಹಾರ್ಡ್‌ಶೆಲ್ ಬೇಕು. ಬಾಬ್ ಗೋರ್ 1969ರಲ್ಲಿ ಕಂಡುಕೊಂಡ, ಟೆಫ್ಲಾನ್ ಎಂದು ಹೆಸರಾದ ಪ್ಲಾಸ್ಟಿಕ್ಕಿನ, ಅಂದರೆ ಹಿಗ್ಗಿಸಿದ ಪಿಟಿಎಫ್‌ಇ ಪೊರೆಯಿಂದ ಹುಟ್ಟಿದ ಸಾಂಪ್ರದಾಯಿಕ ಗೋರ್‌ಟೆಕ್ಸ್ ಬಟ್ಟೆ ತೊಟ್ಟಾಗ ಹಿಗ್ಗುವುದು ಅತ್ಯಲ್ಪ, ಆದ್ದರಿಂದ ಅಂಥ ಪ್ಯಾಂಟ್‌ನಲ್ಲಿ ಸಡಿಲವನ್ನು ಕಟ್ಟಿನಲ್ಲೇ ಹುಡುಕಬೇಕು. ಪಾಲಿಯುರೆಥೇನ್ ಆಧಾರಿತ ಪೊರೆಗಳಿಂದ ಮಾಡಿದ, ತಕ್ಕಮಟ್ಟಿಗೆ ಹಿಗ್ಗುವ ಹಾರ್ಡ್‌ಶೆಲ್‌ಗಳೂ ಸಿಗುತ್ತವೆ. ಮೊಣಕಾಲು ಮತ್ತು ಸೀಟ್‌ಗೆ ಜಲನಿರೋಧಕ ಬಟ್ಟೆ, ತೊಡೆಯ ಒಳಬದಿಗೆ ಹಿಗ್ಗುವ ಬಟ್ಟೆ ಜೋಡಿಸಿದ ಮಿಶ್ರ ಪ್ಯಾಂಟ್‌ಗಳು ದಪ್ಪ ತೊಡೆಯವರಿಗೆ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ರಾಜಿ.

ಒಳಮೈಯ ಬಗ್ಗೆಯೂ ಒಂದು ಮಾತು ಹೇಳಬೇಕು. ಉಜ್ಜಿ ಮೆತ್ತಗೆ ಮಾಡಿದ ಫ್ಲೀಸ್ ಒಳಮೈ ಅಂಗಡಿಯಲ್ಲಿ ಕೈಗೆ ಬಹಳ ಹಿತವೆನಿಸುತ್ತದೆ. ಆದರೆ ಕೆಳಗಿನ ಉಣ್ಣೆಯ ಬೇಸ್ ಲೇಯರ್‌ಗೂ ಅದಕ್ಕೂ ತಿಕ್ಕಾಟ ಹೆಚ್ಚಾಗಿ, ಬಿಗಿಯಾದ ತೊಡೆಯ ಮೇಲೆ ಎರಡೂ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಒಳಮೈ ನುಣುಪಾಗಿರುವ ಪ್ಯಾಂಟ್ ತೊಟ್ಟು, ಬೆಚ್ಚಗೆ ಬೇಕಾದಷ್ಟನ್ನು ಬೇಸ್ ಲೇಯರ್‌ನಿಂದ ಪಡೆಯುವುದು ಜಾಣತನ.

ಮೂರನೆಯ ಹಂತ: ಕಟ್ಟನ್ನು ಒಳಗಿನಿಂದ ಓದುವುದು

ಪ್ಯಾಂಟ್ ಕೈಗೆ ಸಿಕ್ಕಿದರೆ ಮೊದಲು ಒಳಹೊರಗು ಮಾಡಿ ಕವಲಿನ ಹೊಲಿಗೆ ನೋಡಿ. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಬಂದು ಸೇರಿದ್ದರೆ ಎಳೆತವೆಲ್ಲ ಆ ಬಿಂದುವಿನ ಮೇಲೇ ಬೀಳುತ್ತದೆ, ದಪ್ಪ ತೊಡೆಯವರ ಪ್ಯಾಂಟ್ ಮೊದಲು ಹರಿಯುವುದು ಅಲ್ಲೇ. ಆ ಜಾಗದಲ್ಲಿ ವಜ್ರಾಕಾರದ ತುಂಡೊಂದನ್ನು, ಅಂದರೆ ಗಸೆಟ್ ಅನ್ನು, ಕೂಡಿಸಿದ್ದರೆ ಹೊಲಿಗೆಗಳು ಬೇರೆ ಬೇರೆ ಕಡೆ ಹಂಚಿಹೋಗಿ ಕಾಲನ್ನು ಅಗಲಿಸಲೂ ಜಾಗ ಸಿಗುತ್ತದೆ. ಗಸೆಟ್ ಕವಲಿನಲ್ಲಷ್ಟೇ ನಿಲ್ಲದೆ ತೊಡೆಯ ಒಳಬದಿಯಲ್ಲಿ ಮೊಣಕಾಲಿನವರೆಗೂ ಪಟ್ಟಿಯಂತೆ ಇಳಿದಿದ್ದರೆ ಇನ್ನೂ ಒಳ್ಳೆಯದು. ಅಂಥ ಕಟ್ಟಿನಲ್ಲಿ ಒಳತೊಡೆಯ ನಟ್ಟನಡುವೆ ಹೊಲಿಗೆಯೇ ಇರುವುದಿಲ್ಲ, ನಡೆಯುವಾಗ ತೊಡೆಗೆ ತೊಡೆ ಉಜ್ಜಿ ಚರ್ಮ ಕೆಂಪಾಗುವುದೂ ತಪ್ಪುತ್ತದೆ.

ಮೊಣಕಾಲಿನ ಬಳಿ, ಬಟ್ಟೆಯನ್ನು ಚೂಪಾಗಿ ಮಡಿಸಿ ಹೊಲಿದ ಡಾರ್ಟ್‌ಗಳಿಂದಲೋ ಬೇರೆ ಬೇರೆ ತುಂಡುಗಳ ಜೋಡಣೆಯಿಂದಲೋ ಮೊದಲೇ ಬಾಗಿದ ಆಕಾರ ಕೊಟ್ಟಿರಬೇಕು. ಪ್ಯಾಂಟನ್ನು ಮೇಜಿನ ಮೇಲೆ ಹರಡಿದಾಗ ಅದು ನೇರವಾಗಿ ಮಲಗದೆ ಮೊಣಕಾಲಿನಲ್ಲಿ ಸ್ವಲ್ಪ ಮಡಿಸಿಕೊಂಡರೆ ಕಟ್ಟು ಸರಿಯಾಗಿದೆ ಎಂದರ್ಥ. ಆದರೆ ಈ ಬಾಗು ನಿಮ್ಮ ಮೊಣಕಾಲಿನ ಎತ್ತರಕ್ಕೇ ಬರಬೇಕು. ತೊಡೆಯಲ್ಲಿ ಬಿಗಿಯಾದ ಪ್ಯಾಂಟ್ ಪೂರ್ತಿ ಮೇಲೇರದೆ, ಬಾಗು ಮೊಣಕಾಲಿನ ಕೆಳಗೇ ಉಳಿಯುವುದು ಸಾಮಾನ್ಯ.

ಕಟ್ಟಿನ ಹೆಸರುಗಳನ್ನು ನಂಬಬೇಡಿ. ಅಥ್ಲೆಟಿಕ್ ಎಂದು ಬರೆದ ಕಟ್ಟು ಕೆಲವು ಕಡೆ ತೊಡೆಗೆ ಜಾಗವಿರುವುದೆಂಬ ಅರ್ಥದಲ್ಲಿದ್ದರೆ, ಕ್ಲೈಂಬಿಂಗ್ ಉಡುಪುಗಳಲ್ಲಿ ಹಲವು ಬಾರಿ ಮೈಗಂಟಿದ ಕಟ್ಟು ಎಂದಷ್ಟೇ ಅರ್ಥ ಕೊಡುತ್ತದೆ. ಸ್ಕೀ ಟೂರಿಂಗ್ ಪ್ಯಾಂಟ್‌ಗಳಲ್ಲಿ ಮೀನಖಂಡಕ್ಕೆ ಧಾರಾಳ ಜಾಗವಿರುತ್ತದೆ, ಆದರೆ ಸ್ಕೀ ಬೂಟಿನ ಮೇಲೆ ಕೂರಲೆಂದು ಮಾಡಿದ ಅವುಗಳ ಬಾಟಮ್ ಕ್ರಾಂಪಾನ್‌ಗೆ ಅಗಲವಾಯಿತು. ಮಹಿಳೆಯರ ಕಟ್ಟಿನಲ್ಲಿ ಸೊಂಟಕ್ಕಿಂತ ಸೀಟ್ ಮತ್ತು ಮೇಲ್ತೊಡೆಗೆ ಹೆಚ್ಚು ಜಾಗ ಕೊಟ್ಟಿರುವುದರಿಂದ, ಸೊಂಟ ಸಣ್ಣದಾಗಿ ಸೀಟ್ ತುಂಬಿರುವ ಕೆಲವು ಪುರುಷರಿಗೂ ಅದು ಹೊಂದುತ್ತದೆ. ಮುಂಭಾಗದ ಉದ್ದ ಮತ್ತು ಜಿಪ್ ಸರಿಹೋಗುತ್ತದೆಯೇ ಎಂದು ನೋಡಿಕೊಂಡರಾಯಿತು, ಸಂಕೋಚಕ್ಕೆ ಕಾರಣವೇನಿಲ್ಲ.

ನಾಲ್ಕನೆಯ ಹಂತ: ಪ್ಯಾಂಟ್‌ನ ಅಳತೆ ಕೇಳಿ ತಾಳೆ ನೋಡುವುದು

ದೂರದಿಂದ ಕೊಳ್ಳುವವರು ಮಾರಾಟಗಾರರಿಗೆ ದೇಹದ ಅಳತೆ ಹೇಳಿ ಸೈಜ್ ಕೇಳುವುದಕ್ಕಿಂತ ಪ್ಯಾಂಟ್‌ನ ಅಳತೆಯನ್ನೇ ಕೇಳುವುದು ಒಳ್ಳೆಯದು. ಪ್ಯಾಂಟನ್ನು ಸಮತಟ್ಟಾಗಿ ಹರಡಿ, ಕವಲಿಗಿಂತ 2.5 ಸೆಂ.ಮೀ. ಕೆಳಗೆ ಒಂದು ಕಾಲಿನ ಅಗಲ, ಮೊಣಕಾಲಿನ ಅಗಲ, ಬಾಟಮ್‌ನ ಅಗಲ, ಹಾಗೂ ಮುಂದಿನ ಮತ್ತು ಹಿಂದಿನ ಸೊಂಟಪಟ್ಟಿಯಿಂದ ಕವಲಿಗೆ ಇರುವ ಉದ್ದ, ಇಷ್ಟನ್ನು ಬಟ್ಟೆಯನ್ನು ಎಳೆಯದೆ ಅಳೆದು ತಿಳಿಸಲು ಕೋರಿ. ಅಗಲಗಳನ್ನು ಎರಡರಿಂದ ಗುಣಿಸಿದರೆ ಸುತ್ತಳತೆ ಸಿಗುತ್ತದೆ.

ಬೇಸ್ ಲೇಯರ್ ಮೇಲೆ ಅಳೆದ ನಿಮ್ಮ ತೊಡೆಯ ಸುತ್ತಳತೆಗಿಂತ ಪ್ಯಾಂಟ್‌ನ ತೊಡೆ ಎಷ್ಟು ಹೆಚ್ಚಿರಬೇಕೆಂಬುದು ಬಟ್ಟೆಯನ್ನು ಅವಲಂಬಿಸಿದೆ. ನಾಲ್ಕೂ ದಿಕ್ಕಿಗೆ ಚೆನ್ನಾಗಿ ಹಿಗ್ಗುವ ತೆಳು ಸಾಫ್ಟ್‌ಶೆಲ್‌ಗೆ 2ರಿಂದ 5 ಸೆಂ.ಮೀ., ಕಡಿಮೆ ಹಿಗ್ಗುವ ದಪ್ಪ ಸಾಫ್ಟ್‌ಶೆಲ್‌ಗೆ 6ರಿಂದ 8 ಸೆಂ.ಮೀ., ಹಿಗ್ಗದ ಹಾರ್ಡ್‌ಶೆಲ್‌ಗೆ 10ರಿಂದ 12 ಸೆಂ.ಮೀ. ಇಟ್ಟುಕೊಳ್ಳುವುದು ನಾನು ಅನುಸರಿಸುವ ಲೆಕ್ಕ. ಸಾಫ್ಟ್‌ಶೆಲ್‌ನ ಮೇಲೆಯೇ ಹಾರ್ಡ್‌ಶೆಲ್ ತೊಡುವವರು ಇನ್ನೂ 3-4 ಸೆಂ.ಮೀ. ಸೇರಿಸಬೇಕು. ಸೊಂಟ 82, ತೊಡೆ 66 ಸೆಂ.ಮೀ. ಇರುವ ಒಬ್ಬರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅವರು ತೆಳು ಸಾಫ್ಟ್‌ಶೆಲ್‌ನಲ್ಲಿ ಸಮತಟ್ಟಾಗಿ 34ರಿಂದ 35.5 ಸೆಂ.ಮೀ. ಅಗಲದ ತೊಡೆಯನ್ನು, ಹಿಗ್ಗದ ಹಾರ್ಡ್‌ಶೆಲ್‌ನಲ್ಲಿ 38ರಿಂದ 39 ಸೆಂ.ಮೀ. ಅಗಲವನ್ನು ಹುಡುಕಬೇಕು. ಸೊಂಟ ಅವರ ಅಳತೆಗಿಂತ 4-5 ಸೆಂ.ಮೀ. ಹೆಚ್ಚಾದರೂ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಆ ಮಾದರಿಯನ್ನೇ ಕೈಬಿಟ್ಟು ಬೇರೆ ಕಟ್ಟಿಗೆ ಹೋಗುವುದು ವಾಸಿ.

ಐದನೆಯ ಹಂತ: ತೊಟ್ಟು ನೋಡುವುದು

ಕನ್ನಡಿಯ ಮುಂದೆ ನಿಂತು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಬೇಸ್ ಲೇಯರ್, ಚಳಿಗಾಲದ ಬೂಟು, ಹಾರ್ನೆಸ್, ಬಳಸುವುದಾದರೆ ಗೇಟರ್ (ಬೂಟಿನೊಳಗೆ ಹಿಮ ನುಗ್ಗದಂತೆ ಕಣಕಾಲಿಗೆ ಸುತ್ತುವ ಕವಚ) ಎಲ್ಲವನ್ನೂ ತೊಟ್ಟು, ಬೆಲೆಚೀಟಿ ಕೀಳದೆ, ಮನೆಯೊಳಗೇ ಪರೀಕ್ಷಿಸಿ. ಮರಳಿಸುವ ಅವಕಾಶ ಇರುವಾಗಲೇ ಈ ಕೆಲಸ ಮುಗಿಯಬೇಕು.

ಮೊದಲು ಸುಮ್ಮನೆ ನಿಂತು ಸುಕ್ಕುಗಳನ್ನು ಗಮನಿಸಿ, ಬಟ್ಟೆ ಎಲ್ಲಿ ಕೊರತೆಯಾಗಿದೆ ಎಂಬುದನ್ನು ಅವು ಸ್ಪಷ್ಟವಾಗಿ ಹೇಳುತ್ತವೆ. ಮೇಲ್ತೊಡೆಯಲ್ಲಿ ಅಡ್ಡಗೆರೆಗಳು ಬಿದ್ದಿದ್ದರೆ ಅಲ್ಲಿ ಬಿಗಿ. ಕವಲಿನಿಂದ ಮೊಣಕಾಲಿನ ಕಡೆಗೆ ಓರೆಯಾಗಿ ಗೆರೆ ಎಳೆದಂತಿದ್ದರೆ ಸೊಂಟದಿಂದ ಕವಲಿನ ಉದ್ದ ಸಾಲದು. ಪಕ್ಕದ ಜೇಬುಗಳು ಮೀನಿನ ಕಿವಿರಿನಂತೆ ಬಾಯಿಬಿಟ್ಟಿದ್ದರೆ ಸೀಟ್ ಅಥವಾ ಮೇಲ್ತೊಡೆ ಚಿಕ್ಕದಾಗಿದೆ, ಅಂಥ ಜೇಬಿನೊಳಗೆ ಹಿಮವೂ ತುಂಬಿಕೊಳ್ಳುತ್ತದೆ. ಉದ್ದುದ್ದ ಮಡಿಕೆಗಳು ಕಂಡರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ.

ಆಮೇಲೆ ಒಂದು ಪಾದವನ್ನು ಕುರ್ಚಿಯ ಮೇಲೂ, ಸಾಧ್ಯವಾದರೆ ಅದಕ್ಕಿಂತ ಎತ್ತರದ ಮೇಜಿನ ಮೇಲೂ ಕೈಯ ನೆರವಿಲ್ಲದೆ ಇಡಿ. ಕಾಲು ಎಲ್ಲಿ ನಿಂತಿತು ಎಂಬುದಷ್ಟೇ ಅಲ್ಲ, ಅದನ್ನು ಕೆಳಗಿಳಿಸಿದ ಮೇಲೆ ಏನಾಗುತ್ತದೆ ಎಂಬುದೂ ಮುಖ್ಯ. ಒಳ್ಳೆಯ ಪ್ಯಾಂಟ್‌ನ ಬಟ್ಟೆ ತಾನಾಗಿ ಜಾರಿ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ದಪ್ಪ ಮೀನಖಂಡದವರಲ್ಲಿ ಅದು ಅನೇಕ ವೇಳೆ ಮೊಣಕಾಲಿನ ಕೆಳಗೆ ಉಂಗುರದಂತೆ ಸುತ್ತಿಕೊಂಡು ಅಲ್ಲೇ ನಿಂತುಬಿಡುತ್ತದೆ, ಬಾಟಮ್ ಬೂಟಿನ ಕೊರಳಿಗಿಂತ ಮೇಲೆ ಉಳಿಯುತ್ತದೆ. ಎರಡು ಮೂರು ಹೆಜ್ಜೆ ನಡೆದರೂ ಅದು ಇಳಿಯದಿದ್ದರೆ, ಮಾರ್ಗದ ಮೇಲೆ ಪ್ರತಿ ಬಾರಿ ಕೈಗವಸು ತೊಟ್ಟ ಕೈಯಿಂದ ಎಳೆದುಕೊಳ್ಳಬೇಕಾಗುತ್ತದೆ. ಅಂಥದ್ದು ಬೇಡ. ಮೀನಖಂಡದ ಪಕ್ಕದಲ್ಲಿ ಜಿಪ್ ಇಟ್ಟು, ಅದರ ಹಿಂದೆ ಹಿಗ್ಗುವ ತುಂಡನ್ನು ಕೂಡಿಸಿದ ಪ್ಯಾಂಟ್ ಇದಕ್ಕೆ ತಕ್ಕ ಉತ್ತರ.

ಪೂರ್ತಿ ಕುಕ್ಕರುಗಾಲಲ್ಲಿ ಕುಳಿತು ಒಂದು ನಿಮಿಷ ಹಾಗೇ ಇರಿ. ಸೊಂಟದ ಹಿಂಭಾಗ ಎಷ್ಟು ಇಳಿಯಿತು ಎಂದು ಕೈಯಿಂದ ಮುಟ್ಟಿ ನೋಡಿ. ಕಾಲುಗಳನ್ನು ಎಷ್ಟು ಸಾಧ್ಯವೋ ಅಷ್ಟು ಅಗಲಿಸಿ, ಮೂಲೆಯ ಎರಡು ಗೋಡೆಗಳಿಗೆ ಪಾದ ಒತ್ತಿ ನಿಂತಂತೆ ನಿಲ್ಲಿ. ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗವನ್ನಷ್ಟೇ ಇಟ್ಟು ಹಿಮ್ಮಡಿಯನ್ನು ಕೆಳಗಿಳಿಸಿ ನಿಂತರೆ ಕ್ರಾಂಪಾನ್‌ನ ಮುಂಹಲ್ಲುಗಳ ಮೇಲೆ ನಿಂತಾಗ ಮೀನಖಂಡಕ್ಕೆ ಬೀಳುವ ಬಿಗಿತ ಅರಿವಿಗೆ ಬರುತ್ತದೆ. ಬಟ್ಟೆ ಆಗ ಮೀನಖಂಡವನ್ನು ಹಿಂಡುವಂತಿರಬಾರದು, ಕಾಲಿನ ರಕ್ತಸಂಚಾರಕ್ಕೆ ಅಡ್ಡಿಯಾದರೆ ಬೆರಳುಗಳಿಗೆ ಚಳಿ ಬೇಗ ತಟ್ಟುತ್ತದೆ.

ಹಾರ್ನೆಸ್‌ನ ಪರೀಕ್ಷೆ ಪ್ರತ್ಯೇಕವಾಗಿಯೇ ಆಗಬೇಕು. ತೊಡೆಪಟ್ಟಿಗಳನ್ನು ಸಡಿಲಿಸಿ ಬಿಗಿಯುವಂತಿರುವ ಹಾರ್ನೆಸ್ ದಪ್ಪ ತೊಡೆಯವರಿಗೆ ಚಳಿಗಾಲದಲ್ಲಿ ಅನಿವಾರ್ಯ. ಬೇಸಿಗೆಯಲ್ಲಿ ಸರಿಯಾಗಿದ್ದ ಬದಲಾಗದ ಪಟ್ಟಿಗಳು ಎರಡು ಪದರ ಬಟ್ಟೆಯ ಮೇಲೆ ತೊಡೆಯ ಅರ್ಧಕ್ಕೇ ನಿಂತುಬಿಡಬಹುದು. ಪಟ್ಟಿ ಬಿಗಿದ ಮೇಲೆ ಮತ್ತೊಮ್ಮೆ ಕಾಲೆತ್ತಿ ನೋಡಿ, ಏಕೆಂದರೆ ಪಟ್ಟಿ ಬಟ್ಟೆಯನ್ನು ಮೇಲ್ತೊಡೆಯಲ್ಲಿ ಕಟ್ಟಿಹಾಕುತ್ತದೆ ಮತ್ತು ಅದುವರೆಗೆ ಜಾರಿ ಬರುತ್ತಿದ್ದ ಸಡಿಲವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಹಾರ್ನೆಸ್ ಇಲ್ಲದೆ ಚೆನ್ನಾಗಿದ್ದ ಪ್ಯಾಂಟ್ ಹಾರ್ನೆಸ್ ತೊಟ್ಟಾಗ ತಿರಸ್ಕೃತವಾಗುವುದು ಅಪರೂಪವಲ್ಲ. ತೊಡೆಯ ಮೇಲೆ ಗಾಳಿಯಾಡಲು ಇರುವ ಜಿಪ್, ಲೋಹದ ಗುಂಡಿ, ಬೆಲ್ಟಿನ ಬಕಲ್ ಇವು ಯಾವುವೂ ಪಟ್ಟಿಗಳ ಕೆಳಗೆ ಬರದಂತೆ ನೋಡಿಕೊಳ್ಳಿ.

ಕೊನೆಗೆ ಬೂಟು ತೊಟ್ಟು, ಪಾದಗಳನ್ನು ಹತ್ತಿರ ಹತ್ತಿರ ಇಟ್ಟು ನಡೆಯಿರಿ. ಒಂದು ಬಾಟಮ್ ಇನ್ನೊಂದಕ್ಕೆ ತಗಲುವ ಸರಸರ ಸದ್ದು ಕೇಳಿಸಿದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ಒಳಗಣಕಾಲಿನ ಭಾಗದಲ್ಲಿ ಕ್ರಾಂಪಾನ್ ಗೀರುಗಳನ್ನು ತಡೆಯುವ ಗಟ್ಟಿ ತೇಪೆ ಇರಲೇಬೇಕು, ಆದರೆ ತೇಪೆಯಿದೆಯೆಂದು ಅಗಲದ ಬಾಟಮ್ ಒಪ್ಪಿಕೊಳ್ಳಬಾರದು.

ಬಿಬ್ ಪ್ಯಾಂಟ್ ಎಂಬ ಇನ್ನೊಂದು ದಾರಿ

ತೊಡೆ ಮತ್ತು ಸೊಂಟಗಳ ವ್ಯತ್ಯಾಸ ಬಹಳ ಹೆಚ್ಚಾಗಿರುವವರು ಹೆಗಲಪಟ್ಟಿಯ ಬಿಬ್ ಪ್ಯಾಂಟ್ ಕಡೆ ನೋಡಬೇಕು. ಪ್ಯಾಂಟ್ ಹೆಗಲಿನಿಂದ ತೂಗುವುದರಿಂದ ಸೊಂಟ ಎಷ್ಟು ಸಡಿಲವಿದ್ದರೂ ಜಾರುವ ಮಾತೇ ಇಲ್ಲ, ಹಾರ್ನೆಸ್ ಕೆಳಗೆ ಬೆಲ್ಟಿನ ಗಂಟೂ ಇರುವುದಿಲ್ಲ, ಬೆನ್ನು ತೆರೆದುಕೊಳ್ಳುವುದೂ ಇಲ್ಲ. ತೊಡೆಯ ಅಳತೆಗೇ ಸೈಜ್ ಆರಿಸುವ ಸ್ವಾತಂತ್ರ್ಯ ಸಿಗುತ್ತದೆ. ಆದರೆ ಹೆಗಲಪಟ್ಟಿ ಗಿಡ್ಡವಾದರೆ ಕವಲು ಮೇಲಕ್ಕೆ ಎಳೆದು ಹಿಂಸೆಯಾಗುತ್ತದೆ, ಆದ್ದರಿಂದ ಪಟ್ಟಿಯನ್ನು ಉದ್ದಕ್ಕೂ ಗಿಡ್ಡಕ್ಕೂ ಹೊಂದಿಸಲು ಬರಬೇಕು. ಹಾರ್ನೆಸ್ ಬಿಚ್ಚದೆ ಶೌಚ ಮುಗಿಸಲು ಹಿಂದೆ ಇಳಿಸುವ ಜಿಪ್ ಇದೆಯೇ ಎಂಬುದನ್ನೂ ನೋಡಿ, ಚಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಬೆವರು ಹೆಚ್ಚುವವರಿಗೆ ಬಿಬ್ ಸೆಕೆ ಎನಿಸಬಹುದು. ಎದೆಯವರೆಗೆ ಬಟ್ಟೆ ಬೇಡವೆನ್ನುವವರು ಎತ್ತರದ ಸೊಂಟಪಟ್ಟಿಗೆ ಬಿಚ್ಚಬಹುದಾದ ಹೆಗಲಪಟ್ಟಿ ಜೋಡಿಸಿದ ಪ್ಯಾಂಟ್ ಕೊಂಡರೆ ಅರ್ಧದಷ್ಟು ಪ್ರಯೋಜನ ಅದರಲ್ಲೇ ಸಿಗುತ್ತದೆ.

ಆರನೆಯ ಹಂತ: ದರ್ಜಿಯ ಕೆಲಸ

ಹುರಿಗಟ್ಟಿದ ಕಾಲಿನವರು ಆಲ್ಟರ್ ಮಾಡಿಸುವ ಖರ್ಚನ್ನು ಪ್ಯಾಂಟ್‌ನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು. ಅತ್ಯಂತ ಸುಲಭದ್ದು ಸೊಂಟ ಕಿರಿದು ಮಾಡುವುದು. ಹಿಂಭಾಗದ ನಡುಹೊಲಿಗೆಯಲ್ಲಿ 4-5 ಸೆಂ.ಮೀ.ವರೆಗೆ ತೆಗೆಯಬಹುದು. ಅದಕ್ಕಿಂತ ಹೆಚ್ಚು ತೆಗೆದರೆ ಹಿಂಜೇಬುಗಳು ಒಂದರ ಹತ್ತಿರ ಒಂದು ಬಂದು, ಪಕ್ಕದ ಹೊಲಿಗೆಗಳು ಹಿಂದಕ್ಕೆ ತಿರುಚಿಕೊಳ್ಳುತ್ತವೆ. ಕತ್ತರಿಸಲು ಮನಸ್ಸಿಲ್ಲದವರು ಸೊಂಟಪಟ್ಟಿಯ ಹಿಂಭಾಗದೊಳಗೆ ಅಗಲವಾದ ಎಲಾಸ್ಟಿಕ್ ಸೇರಿಸಬಹುದು, ಆದರೆ ಅದು ಹಾರ್ನೆಸ್ ಪಟ್ಟಿಯ ಕೆಳಗೆ ನೆರಿಗೆಗಟ್ಟದಂತೆ ಚಪ್ಪಟೆಯಾಗಿರಬೇಕು.

ಮೊಣಕಾಲಿನ ಕೆಳಗೆ ಕಿರಿದು ಮಾಡುವುದೂ ಕಷ್ಟವಲ್ಲ. ಬೂಟು ಮತ್ತು ಗೇಟರ್ ತೊಟ್ಟು ಅಳತೆ ಕೊಡಬೇಕು, ಮತ್ತು ಗಟ್ಟಿ ತೇಪೆ ಇರುವ ಒಳಬದಿಯನ್ನು ಮುಟ್ಟದೆ ಹೊರಬದಿಯ ಹೊಲಿಗೆಯಿಂದಲೇ ತೆಗೆಯಬೇಕು. ಹೊರಬದಿಯಲ್ಲಿ ಜಿಪ್ ಇದ್ದರೆ ಈ ಆಲೋಚನೆ ಬಿಡುವುದೇ ವಾಸಿ.

ತೊಡೆಯನ್ನು ಅಗಲ ಮಾಡುವುದು ಅಸಾಧ್ಯವೇನಲ್ಲ, ಸಾಫ್ಟ್‌ಶೆಲ್‌ನಲ್ಲಿ ಮಾತ್ರ. ಒಳತೊಡೆಯ ಹೊಲಿಗೆಯನ್ನು ಕವಲಿನಿಂದ ಮೊಣಕಾಲಿನವರೆಗೆ ಬಿಚ್ಚಿ, ಮೇಲೆ ಅಗಲವಾಗಿ ಕೆಳಗೆ ಚೂಪಾಗುವ ಹಿಗ್ಗುವ ಬಟ್ಟೆಯ ತುಂಡನ್ನು ಎರಡೂ ಕಾಲಿಗೆ ಸಮನಾಗಿ ಸೇರಿಸಲಾಗುತ್ತದೆ. ಮೇಲ್ತುದಿಯಲ್ಲಿ 4 ಸೆಂ.ಮೀ. ಹೆಚ್ಚಬೇಕಾದರೆ ತುಂಡು 6 ಸೆಂ.ಮೀ. ಅಗಲವಿರಬೇಕು, ಎರಡು ಅಂಚಿನ ಹೊಲಿಗೆಗೆ ತಲಾ 1 ಸೆಂ.ಮೀ. ಹೋಗುತ್ತದೆ. ಎರಡೂ ಕಾಲಿನ ತುಂಡುಗಳನ್ನು ಕವಲಿನಲ್ಲಿ ಕತ್ತರಿಸದೆ ಒಂದೇ ಉದ್ದದ ತುಂಡಾಗಿ ದಾಟಿಸಿದರೆ ಗಸೆಟ್ ಕೂಡ ಅದರಲ್ಲೇ ಸಿದ್ಧವಾಗುತ್ತದೆ. ಪಾಲಿಯೆಸ್ಟರ್ ದಾರ ಮತ್ತು ಹಿಗ್ಗುವ ಬಟ್ಟೆಗೆಂದೇ ಇರುವ ಸೂಜಿ ಬಳಸಿ, ಬಟ್ಟೆಯೊಡನೆ ಹಿಗ್ಗುವ ಅಂಕುಡೊಂಕು ಹೊಲಿಗೆ ಅಥವಾ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಮೂರು ಬಾರಿ ಹೋಗುವ ಹೊಲಿಗೆ ಹಾಕುವಂತೆ ದರ್ಜಿಗೆ ಮೊದಲೇ ಹೇಳಿ. ಸಾಧಾರಣ ನೇರ ಹೊಲಿಗೆ ಮೊದಲ ದೊಡ್ಡ ಹೆಜ್ಜೆಗೇ ಪಟಪಟನೆ ಕಿತ್ತುಬರುತ್ತದೆ.

ಜಲನಿರೋಧಕ ಹಾರ್ಡ್‌ಶೆಲ್‌ಗೆ ಸಾಮಾನ್ಯ ದರ್ಜಿಯ ಸೂಜಿ ಸೋಕಿಸಬೇಡಿ. ಪ್ರತಿ ಸೂಜಿಯ ತೂತೂ ನೀರಿಗೆ ಬಾಗಿಲು, ಹೊಲಿಗೆಯ ಮೇಲೆ ಒಳಗಿನಿಂದ ಬಿಸಿಯಲ್ಲಿ ಟೇಪು ಅಂಟಿಸಬೇಕಾಗುತ್ತದೆ. ಆ ಕೆಲಸ ಬಲ್ಲ ದುರಸ್ತಿಗಾರರಿಗೇ ಅದನ್ನು ಒಪ್ಪಿಸಬೇಕು.

ಬಳಕೆ ಮತ್ತು ಆರೈಕೆ

ಒಳ ಉಡುಪಿನ ಹೊಲಿಗೆಯೂ ಬೇಸ್ ಲೇಯರ್‌ನ ಹೊಲಿಗೆಯೂ ಪ್ಯಾಂಟ್‌ನ ಹೊಲಿಗೆಯೂ ಒಳತೊಡೆಯಲ್ಲಿ ಒಂದರ ಮೇಲೊಂದು ಬಾರದಂತೆ ಆರಿಸಿಕೊಳ್ಳಿ. ತೊಡೆಗಳು ಒಂದಕ್ಕೊಂದು ತಗಲುವವರಿಗೆ ದಿನವಿಡೀ ನಡೆದಾಗ ಈ ಮೂರು ಗೆರೆಗಳು ಚರ್ಮ ಕೀಳುವಷ್ಟು ಕಾಟ ಕೊಡುತ್ತವೆ. ಬೇಸ್ ಲೇಯರ್ ಕೂಡ ಹಿಂಡುವಷ್ಟು ಬಿಗಿಯಾಗಿರಬಾರದು.

ತೊಳೆಯುವಾಗ ಬಟ್ಟೆ ಮೆತ್ತಗಾಗಿಸುವ ದ್ರವ ಮತ್ತು ಬ್ಲೀಚ್ ಎರಡನ್ನೂ ದೂರವಿಡಿ. ಮೊದಲನೆಯದು ನೀರು ಹಿಡಿಯದ ಮೇಲ್ಲೇಪನವನ್ನು ಕೆಡಿಸಿದರೆ ಎರಡನೆಯದು ಎಲಾಸ್ಟೇನ್ ನೂಲನ್ನು ತಿಂದುಹಾಕುತ್ತದೆ. ಅತಿ ಬಿಸಿಯೂ ಎಲಾಸ್ಟೇನ್‌ಗೆ ಶತ್ರು. ಮೇಲ್ಲೇಪನವನ್ನು ಚುರುಕುಗೊಳಿಸಲು ಯಂತ್ರದಲ್ಲಿ ಒಣಗಿಸಬೇಕೆಂದು ಲೇಬಲ್ ಹೇಳಿದರೆ ಕಡಿಮೆ ಬಿಸಿಯಲ್ಲೇ ಒಣಗಿಸಿ.

ದಪ್ಪ ತೊಡೆಯವರ ಪ್ಯಾಂಟ್ ಸವೆಯುವುದು ಮೊಣಕಾಲಿಗಿಂತ ಮೊದಲು ಒಳತೊಡೆಯಲ್ಲಿ. ಪ್ರತಿ ಋತುವಿನ ಕೊನೆಗೆ ಆ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ನೂಲು ಗುಂಜುಗುಂಜಾಗಿ, ಬಟ್ಟೆ ಬೆಳಕನ್ನು ಬಿಟ್ಟುಕೊಡುತ್ತಿದ್ದರೆ ಹರಿಯುವವರೆಗೆ ಕಾಯದೆ ಒಳಗಿನಿಂದ ಅಷ್ಟೇ ಹಿಗ್ಗುವ ತೆಳು ಬಟ್ಟೆಯ ತೇಪೆ ಹಾಕಿಸಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಅದು ಸುಲಭವಾಗಿ ಏಳುವುದಿಲ್ಲ. ತೇಪೆಯ ಅಂಚು ಹಾರ್ನೆಸ್‌ನ ತೊಡೆಪಟ್ಟಿ ಬರುವ ಜಾಗಕ್ಕಿಂತ ಕೆಳಗೆ ಕೊನೆಗೊಳ್ಳುವಂತೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರೆ ದರ್ಜಿಗೂ ಗೊಂದಲವಿರುವುದಿಲ್ಲ.